ಮೈಸೂರಿನ ನಮ್ಮ ಬಡಾವಣೆಯ ಸಂಜೆ ಖೋ ಖೋ ಕ್ಲಾಸ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಈ ಕ್ಲಾಸ್ ನನಗೆ ತುಂಬಾ ಹಿಡಿಸಿದೆ. ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಯಾಕೆ ಕಡಿಮೆ ಅನ್ನೋದನ್ನೂ ಬರೆದಿದ್ದೇನೆ, ಹೆಣ್ಣುಮಕ್ಕಳಿರುವವರು ಆ ಭಾಗವನ್ನು ತಪ್ಪದೆ ಓದಿ.

ಕುವೆಂಪುನಗರದ ಕಡೆ ಒಂದು ಮಣ್ಣಿನ ಮೈದಾನದಲ್ಲಿ ಇದು ನಡೆಯುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ, ಸಂಜೆ ಐದಕ್ಕೆ ಶುರು, ಆರೂಕಾಲಿಗೆ ಮುಗಿಯುತ್ತದೆ. ನಡೆಸುವವರು ಸರ್ಕಾರಿ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ಅವರ ಜೊತೆ ಕಾಲೇಜ್ ಟೀಮಿಗೆ ಆಡುವ ಒಬ್ಬ ಹುಡುಗಿ ಇದ್ದಾಳೆ, ಮಕ್ಕಳೆಲ್ಲ ಅವಳನ್ನು ಅಕ್ಕ ಅಂತಾರೆ. ಬೋರ್ಡಿಲ್ಲ, ಬ್ಯಾನರಿಲ್ಲ, ಇನ್‌ಸ್ಟಾಗ್ರಾಂ ಪೇಜಿಲ್ಲ. "ಈಗಲೇ ಮಕ್ಕಳು ಜಾಸ್ತಿ ಆಗಿದ್ದಾರೆ, ಹೆಸರು ಮಾತ್ರ ಹಾಕಬೇಡಿ ಅಮ್ಮ" ಅಂತ ಸರ್ ಕೇಳಿಕೊಂಡರು, ಹಾಗಾಗಿ ಹಾಕಿಲ್ಲ. ಆ ಕಡೆಯವರಿಗೆ ಇಷ್ಟು ಹೇಳಿದರೆ ಗೊತ್ತಾಗುತ್ತದೆ. ಬೇರೆ ಊರಿನವರೂ ಓದಿ ಅನ್ನೋದಕ್ಕೆ ಒಂದು ಕಾರಣ ಇದೆ. ಮಕ್ಕಳ ಆಟದ ಕ್ಲಾಸ್ ಯಾವುದೇ ಇರಲಿ, ನೋಡಬೇಕಾದ್ದು ಎರಡೇ: ಆ ಒಂದು ಗಂಟೆಯಲ್ಲಿ ಮಗು ನಿಜವಾಗಿ ಎಷ್ಟು ಹೊತ್ತು ಓಡುತ್ತದೆ, ಮತ್ತು ಮಾರನೇ ದಿನ ತಾನಾಗಿ ಹೊರಡುತ್ತದಾ ಇಲ್ಲವಾ. ಕಪ್ಪು, ಮೆಡಲ್ಲು, ಕೋಚಿನ ಸರ್ಟಿಫಿಕೇಟು ಎಲ್ಲ ಆಮೇಲೆ.

ನನ್ನ ಮಗಳು ನಾಲ್ಕನೇ ಕ್ಲಾಸು, ನನ್ನ ಸ್ವಂತ ಅಕ್ಕನ ಮಗ ಏಳನೇ ಕ್ಲಾಸು. ಇಬ್ಬರೂ ಹೋಗ್ತಾರೆ. ಇವಳ ಶಾಲೆಯಲ್ಲಿ ವಾರಕ್ಕೆ ಎರಡು ಪಿಟಿ ಪೀರಿಯಡ್ ಇವೆ, ಟೈಂ ಟೇಬಲ್ಲಿನಲ್ಲಿ. ಪರೀಕ್ಷೆ ಹತ್ತಿರ ಬಂತು ಅಂದರೆ ಒಂದು ಗಣಿತಕ್ಕೆ ಹೋಗುತ್ತದೆ, ಇನ್ನೊಂದು ಉಳಿದ ನೋಟ್ಸ್ ಬರೆಯೋದಕ್ಕೆ. ಮೈದಾನ ಅಂತ ಇರುವುದು ಟೈಲ್ಸ್ ಹಾಕಿದ ಅಂಗಳ, ಅಲ್ಲಿ ಓಡಿದರೆ ಜಾರಿ ಬೀಳ್ತೀರಾ ಅಂತ ಗದರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಶಾಲೆಗೆ ಇರಲೇಬೇಕಾದ್ದರ ಪಟ್ಟಿಯಲ್ಲಿ ಆಟದ ಮೈದಾನವೂ ಇದೆ. ಅಡ್ಮಿಷನ್ ಮಾಡಿಸುವಾಗ ಎಷ್ಟು ಜನ ಅದನ್ನು ಕೇಳ್ತೀವಿ ಹೇಳಿ? ಕಂಪ್ಯೂಟರ್ ಲ್ಯಾಬ್ ತೋರಿಸಿ ಅಂತ ಕೇಳುವ ಹಾಗೆ ಮೈದಾನ ತೋರಿಸಿ ಅಂತಲೂ ಕೇಳಬೇಕು. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳ್ತಾ ಇದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊಸದಾಗಿ ಹೇಳಿದ ಲೆಕ್ಕ ಹೀಗಿದೆ. 5ರಿಂದ 17 ವರ್ಷದ ಮಕ್ಕಳು ವಾರದ ಸರಾಸರಿಯಲ್ಲಿ ದಿನಕ್ಕೆ ಕನಿಷ್ಠ 60 ನಿಮಿಷ ಮೈ ಬಿಸಿಯಾಗುವ ಹಾಗೆ ಓಡಾಡಬೇಕು. ಅದರಲ್ಲಿ ವಾರಕ್ಕೆ ಮೂರು ದಿನವಾದರೂ ಚೆನ್ನಾಗಿ ಏದುಸಿರು ಬರುವ ಆಟ, ಜೊತೆಗೆ ಮೂಳೆ-ಮಾಂಸಖಂಡಕ್ಕೆ ಕೆಲಸ ಕೊಡುವ ಜಿಗಿತ, ಎಳೆತ, ಹತ್ತೋದು ಇರಬೇಕು. ಆದರೆ 2016ರ ಅಂಕಿಅಂಶ ನೋಡಿದರೆ 11ರಿಂದ 17 ವರ್ಷದವರಲ್ಲಿ ಜಗತ್ತಿನಾದ್ಯಂತ ನೂರಕ್ಕೆ 81 ಮಕ್ಕಳಿಗೆ ಇಷ್ಟು ಆಗ್ತಾನೇ ಇರಲಿಲ್ಲ. ಹೆಣ್ಣುಮಕ್ಕಳಲ್ಲಿ 85, ಗಂಡುಮಕ್ಕಳಲ್ಲಿ 78. ಈ ಹೆಣ್ಣುಮಕ್ಕಳ ಲೆಕ್ಕ ನೆನಪಿಟ್ಟುಕೊಳ್ಳಿ, ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಇಲ್ಲಿಗೆ ಬರುವ ಮುಂಚೆ ಮಗಳು ಬೇರೆ ಒಂದು ಕಡೆ ಫುಟ್‌ಬಾಲ್ ಕ್ಲಾಸಿಗೆ ಹೋಗ್ತಿದ್ದಳು. ಹೆಸರು ಬೇಡ. ಜರ್ಸಿ ಚೆನ್ನಾಗಿತ್ತು, ಟರ್ಫ್ ಚೆನ್ನಾಗಿತ್ತು, ಕೋಚ್ ಕೂಡ ಒಳ್ಳೆಯ ಹುಡುಗನೇ. ಆದರೆ ಇಷ್ಟುದ್ದ ಸಾಲು, ಮುಂದೆ ನಾಲ್ಕು ಕೋನ್, ಒಬ್ಬರಾದ ಮೇಲೆ ಒಬ್ಬರು ಬಾಲ್ ತೊಗೊಂಡು ಹೋಗಿ ಬಂದು ಮತ್ತೆ ಸಾಲಿನ ಕೊನೆಗೆ ನಿಲ್ಲೋದು. ಬೇಲಿ ಹೊರಗೆ ನಿಂತು ಗಡಿಯಾರ ನೋಡಿದರೆ ಒಂದು ಗಂಟೆಯ ಕ್ಲಾಸಿನಲ್ಲಿ ಅವಳು ಓಡಿದ್ದು ಕಾಲು ಗಂಟೆಯೂ ಇಲ್ಲ. ಉಳಿದ ಹೊತ್ತು ಮುಂದಿನವಳ ಜಡೆ ಎಳೀತಾ ನಿಂತಿದ್ದಳು. ಫುಟ್‌ಬಾಲಿನ ತಪ್ಪಲ್ಲ ಅದು, ನಡೆಸುವ ರೀತಿ ಹಾಗಿತ್ತು.

ನೀವೂ ಯಾವುದೇ ಕ್ಲಾಸಿಗೆ ಹೋದಾಗ ಇದನ್ನು ಪರೀಕ್ಷೆ ಮಾಡಬಹುದು. ವಾಚು, ಬ್ಯಾಂಡು ಏನೂ ಬೇಡ. ಆಡ್ತಿರುವ ಮಗುವನ್ನು ಮಾತಾಡಿಸಿ. ಆರಾಮಾಗಿ ಹಾಡು ಹೇಳೋಕೆ ಆಗುತ್ತದೆ ಅಂದರೆ ಮೈಗೆ ಇನ್ನೂ ಕೆಲಸ ಸಿಕ್ಕಿಲ್ಲ. ಮಾತಾಡಬಹುದು ಆದರೆ ಹಾಡೋಕೆ ಆಗಲ್ಲ ಅಂದರೆ ಸರಿಯಾಗಿದೆ. ಎರಡು ಮಾತಿಗೊಂದು ಸಲ ಉಸಿರು ಎಳೆದುಕೊಳ್ಳುತ್ತದೆ ಅಂದರೆ ಅದು ಜೋರು ಆಟ. ಡಾಕ್ಟರುಗಳು ಹೇಳಿಕೊಡುವ ಪರೀಕ್ಷೆ ಇದು, ಕಾಸು ಖರ್ಚಿಲ್ಲ.

ಈಗ ಖೋ ಖೋ ವಿಷಯ. ಗೊತ್ತಿಲ್ಲದವರಿಗೆ ಇದು ಅರ್ಧ ಹೊತ್ತು ಕೂರುವ ಆಟ ಅನ್ನಿಸಬಹುದು. ಪೂರ್ತಿ ಅಳತೆಯ ಕೋರ್ಟ್ 27 ಮೀಟರ್ ಉದ್ದ, 16 ಮೀಟರ್ ಅಗಲ, ಎರಡು ತುದಿಗೆ ಎರಡು ಕಂಬ. ಓಡಿಸುವ ಟೀಮಿನ ಒಂಬತ್ತು ಜನರಲ್ಲಿ ಎಂಟು ಮಂದಿ ಮಧ್ಯದ ಗೆರೆಯ ಮೇಲೆ ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂರ್ತಾರೆ, ಒಬ್ಬರು ಮಾತ್ರ ಅಟ್ಟಿಸಿಕೊಂಡು ಹೋಗ್ತಾರೆ. ಅವರು ಕೂತವರೊಬ್ಬರ ಬೆನ್ನು ಮುಟ್ಟಿ "ಖೋ" ಅಂದರೆ ಆ ಕೂತವರು ಎದ್ದು ಓಡಬೇಕು, ಇವರು ಆ ಜಾಗದಲ್ಲಿ ಕೂರ್ತಾರೆ. ತಪ್ಪಿಸಿಕೊಳ್ಳುವವರು ಮೂರು ಮೂರು ಜನವಾಗಿ ಒಳಗೆ ಬರ್ತಾರೆ. ಹಾಗಾದರೆ ಉಳಿದವರೆಲ್ಲ ಸುಮ್ನೆ ಕಾಯ್ತಾರಲ್ಲ ಅಂತ ನಾನೂ ಸರ್ ಹತ್ತಿರ ಕೇಳಿದೆ. ಅವರು ಉತ್ತರ ಹೇಳಲಿಲ್ಲ, ಮೈದಾನ ತೋರಿಸಿದರು. ಸುಣ್ಣದಲ್ಲಿ ಒಂದರ ಬದಲು ಮೂರು ಪುಟ್ಟ ಕೋರ್ಟ್ ಎಳೆದಿದ್ದರು. ಒಂದೊಂದರಲ್ಲಿ ನಾಲ್ಕೇ ಮಕ್ಕಳು ಕೂತಿದ್ದರು, ಎರಡು ನಿಮಿಷಕ್ಕೊಂದು ಸರದಿ. ಕೂತವರಿಗೆ ಅರ್ಧ ನಿಮಿಷದೊಳಗೆ ಬೆನ್ನ ಹಿಂದಿನಿಂದ "ಖೋ" ಬಂದೇ ಬರುತ್ತದೆ. ಔಟಾದವರು ಹೊರಗೆ ಕೂರೋ ಹಾಗಿಲ್ಲ, ಬೇವಿನ ಮರ ಸುತ್ತಿ ಬಂದು ಪಕ್ಕದ ಕೋರ್ಟಿಗೆ ಸೇರಬೇಕು. ಹೀಗಾಗಿ ಇಲ್ಲಿ ಸೋತ ಮಗುವೇ ಜಾಸ್ತಿ ಓಡುತ್ತದೆ! ಬೇರೆ ಕಡೆ ಸೋತವರು ಕೂತು ನೋಡ್ತಾರೆ, ಯಾರಿಗೆ ಓಡೋದು ಹೆಚ್ಚು ಬೇಕೋ ಅವರೇ ಕೂರ್ತಾರೆ. ಈ ಒಂದು ವಿಷಯಕ್ಕೇ ನನ್ನ ಎರಡು ಸ್ಟಾರ್.

ಕೂರೋದು ಅಂದರೂ ಪದ್ಮಾಸನ ಹಾಕಿ ಕೂರೋದಲ್ಲ. ತುದಿಗಾಲಿನ ಮೇಲೆ ಭಾರ, ಎರಡೂ ಅಂಗೈ ಮುಂದೆ ನೆಲಕ್ಕೆ, ಬೆನ್ನು ಸ್ವಲ್ಪ ಎತ್ತರ. ಬೆನ್ನಿಗೆ ಕೈ ತಾಗಿ ಖೋ ಅಂತ ಕೇಳಿದ ತಕ್ಷಣ ಚಿಮ್ಮಬೇಕು. ಒಂದು ಸಲ ಒಂದು ಕಡೆಗೆ ಹೊರಟರೆ ತಿರುಗೋ ಹಾಗಿಲ್ಲ, ಮಧ್ಯದ ಗೆರೆ ದಾಟೋ ಹಾಗಿಲ್ಲ. ಮೊದಮೊದಲು ನನ್ನ ಮಗಳು ಎದ್ದು, ನಿಂತು, ಫ್ರಾಕ್ ಸರಿ ಮಾಡಿಕೊಂಡು, ಯಾವ ಕಡೆ ಅಂತ ನೋಡಿ ಆಮೇಲೆ ಓಡ್ತಿದ್ದಳು. ಕ್ಲಾಸಿನ ಆ ಅಕ್ಕ ಇವಳ ಪಕ್ಕದಲ್ಲಿ ಕೂತು, "ಏಳಬೇಡ ಪುಟ್ಟಿ, ಮುಂದಕ್ಕೆ ಬೀಳು, ಬೀಳೋ ಮುಂಚೆ ಕಾಲು ತಾನೇ ಬರುತ್ತೆ" ಅಂತ ಹೇಳಿಕೊಟ್ಟಳು. ಈಗ ನೋಡಬೇಕು ಅವಳನ್ನು. ಕೈ ನೆಲ ಬಿಡೋದೂ ಮೊದಲ ಹೆಜ್ಜೆ ಬೀಳೋದೂ ಒಂದೇ ಸಲ. ಕೂತಲ್ಲಿಂದ ಚಿಮ್ಮೋದು, ಕಂಬ ಹಿಡಿದು ತಿರುಗೋದು, ಡಾಡ್ಜ್ ಮಾಡೋದು ಇವೆಲ್ಲ ಮೇಲೆ ಹೇಳಿದ ಆ ಮೂಳೆ-ಮಾಂಸಖಂಡದ ಕೆಲಸವೇ ಅಲ್ವಾ. ಬ್ಯಾಟು ಬೇಡ, ನೆಟ್ಟು ಬೇಡ.

ಇನ್ನು ಈ ಓಟದಿಂದ ಮಗುವಿನ ಬದುಕಿಗೆ ಏನು ಸಿಕ್ಕಿತು ಅನ್ನೋದು. ಮಕ್ಕಳ ಜೀವನದ ಗುಣಮಟ್ಟ ಅಳೆಯೋಕೆ ಪೆಡ್ಸ್‌ಕ್ಯೂಎಲ್ ಅಂತ ಒಂದು ಪ್ರಶ್ನಾವಳಿ ಇದೆ, ಬೇರೆ ಬೇರೆ ದೇಶಗಳಲ್ಲಿ ಬಳಸ್ತಾರೆ. ಒಟ್ಟು 23 ಪ್ರಶ್ನೆ. ಮೈಗೆ ಸಂಬಂಧಿಸಿದ್ದು 8, ಮನಸ್ಸಿನದ್ದು 5, ಗೆಳೆಯರ ಜೊತೆ ಹೇಗಿದೆ ಅನ್ನೋದು 5, ಶಾಲೆಯದ್ದು 5. ನನಗೆ ಅದರಲ್ಲಿ ತುಂಬಾ ಸರಿ ಅನ್ನಿಸಿದ್ದು, ಮಗುವನ್ನೂ ಕೇಳ್ತಾರೆ, ತಂದೆತಾಯಿಯನ್ನೂ ಬೇರೆಯಾಗಿ ಕೇಳ್ತಾರೆ. ಎಷ್ಟೋ ಸಲ ಎರಡೂ ಉತ್ತರ ಒಂದೇ ಇರಲ್ಲ. ನಮಗೆ ತೂಕ, ಎತ್ತರ, ಮಾರ್ಕ್ಸ್ ಕಾಣುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದಲ್ಲಿ ಕೂರೋಕೆ ಯಾರಿದ್ದಾರೆ ಅನ್ನೋದು ಮಗುವಿಗೆ ಮಾತ್ರ ಗೊತ್ತಿರುತ್ತದೆ.

ನಾನು ಮಗಳನ್ನು ಕೇಳಿದೆ, ಕ್ಲಾಸಿನಲ್ಲಿ ಏನು ಇಷ್ಟ ಅಂತ. ಓಡೋದು ಅಂತಾಳೆ ಅಂದುಕೊಂಡಿದ್ದೆ. "ಎಲ್ಲರೂ ನನ್ನ ಹೆಸರು ಕೂಗ್ತಾರೆ" ಅಂದಳು. ಶಾಲೆಯಲ್ಲಿ ಬಾಯಿಬಿಡದ ಹುಡುಗಿ ಇದು. ಮೂರು ಜನ ಒಟ್ಟಿಗೆ ಒಳಗೆ ಹೋದಾಗ ಉಳಿದಿಬ್ಬರು ಔಟಾಗಿ ಇವಳೊಬ್ಬಳೇ ಉಳಿದರೆ ಇಡೀ ಟೀಮು ಗೆರೆಯ ಹತ್ತಿರ ನಿಂತು ಕೂಗುತ್ತದೆ. ಅದು ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಆಟೋ ಓಡಿಸುವವರ ಮಗಳು, ಎದುರಿನ ಕಟ್ಟಡದ ವಾಚ್‌ಮನ್ ಮಗ, ಡಾಕ್ಟರ ಅವಳಿ ಹುಡುಗರು ಎಲ್ಲ ಇಲ್ಲಿ ಒಂದೇ ಟೀಮು. ಭಾನುವಾರ ನಮ್ಮ ಮನೆ ಮುಂದೆ ಅವರದ್ದೇ ಲಗೋರಿ. ಕ್ಲಾಸಿನ ಹೊರಗೂ ಆಟ ಮುಂದುವರಿದಿದೆ, ಐದು ದಿನದ ಲೆಕ್ಕ ಆರು ದಿನಕ್ಕೆ ಬಂದಿದೆ.

ಇಲ್ಲಿ ಒಬ್ಬ ಹುಡುಗನ ಬಗ್ಗೆ ಹೇಳಲೇಬೇಕು. ಒಂದು ಕಾಲಿಗೆ ಬ್ರೇಸ್ ಹಾಕ್ತಾನೆ, ಜೋರಾಗಿ ಓಡೋಕೆ ಆಗಲ್ಲ. ಅವನನ್ನು ಸ್ಕೋರ್ ಬರೆಯೋಕೆ ಕೂರಿಸಿಬಿಡೋದು ಸುಲಭ, ಎಲ್ಲ ಕಡೆ ಹಾಗೇ ಮಾಡ್ತಾರೆ. ಸರ್ ಹಾಗೆ ಮಾಡಿಲ್ಲ. ಕೋರ್ಟಿನ ನಟ್ಟನಡುವೆ ಕೂರಿಸಿದ್ದಾರೆ. ಅವನಿಗೆ ಖೋ ಬಂದರೆ ಎದ್ದು ಒಂದೆರಡು ಹೆಜ್ಜೆ ಇಟ್ಟು ಪಕ್ಕದವರಿಗೆ ಖೋ ಕೊಡಬಹುದು, ಅದಕ್ಕೆ ಆಟದ ನಿಯಮವೇ ಅಡ್ಡ ಬರೋದಿಲ್ಲ. ಈಗ ಅವನು ಆ ಎರಡು ಹೆಜ್ಜೆಯಲ್ಲೇ ಎದುರಾಳಿಗಳನ್ನು ಯಾಮಾರಿಸ್ತಾನೆ. ಬಲಕ್ಕೆ ನೋಡ್ತಾ ಎಡಗಡೆಯವನಿಗೆ ಕೊಡ್ತಾನೆ. ದೊಡ್ಡ ಹುಡುಗರು ಟೀಮ್ ಆರಿಸುವಾಗ ಅವನನ್ನು ಮೊದಲು ಕರೀತಾರೆ, ಪಾಪ ಅಂತ ಅಲ್ಲ, ಅವನಿದ್ದರೆ ಗೆಲ್ತೀವಿ ಅಂತ. ವೀಜಿಂಗ್ ಇರುವ ಒಂದು ಹುಡುಗಿಯೂ ಬರ್ತಾಳೆ. ಅವಳ ಇನ್ಹೇಲರ್ ಸರ್ ಚೀಲದಲ್ಲೇ ಒಂದು ಇರುತ್ತದೆ, ಡಾಕ್ಟರ ಚೀಟಿ ತಂದುಕೊಟ್ಟ ಮೇಲೆ ಸೇರಿಸಿಕೊಂಡರು, ಶುರುವಿನಲ್ಲಿ ಅವಳಿಗೆ ನಿಧಾನವಾಗಿ ಜಾಸ್ತಿ ಹೊತ್ತು ವಾರ್ಮಪ್ ಮಾಡಿಸ್ತಾರೆ.

ಓದು ಹಾಳಾಗುತ್ತದೆ ಅನ್ನೋ ಭಯ ನಮ್ಮ ಮನೆಯಲ್ಲೂ ಇತ್ತು. ಅತ್ತೆಯವರು ದಿನಾ ಕೇಳ್ತಿದ್ದರು, ಸಂಜೆ ಹೊತ್ತು ಹೋಂವರ್ಕ್ ಯಾವಾಗ ಅಂತ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 7ರಿಂದ 9 ವರ್ಷದ 221 ಮಕ್ಕಳನ್ನು ತೊಗೊಂಡು, ಅರ್ಧದಷ್ಟು ಮಕ್ಕಳಿಗೆ ಒಂಬತ್ತು ತಿಂಗಳು ಶಾಲೆ ಬಿಟ್ಟ ಮೇಲೆ ಆಟ ಆಡಿಸಿ ನೋಡಿದ್ದರು, 2014ರಲ್ಲಿ ಪ್ರಕಟವಾಯಿತು. ಆಡಿದ ಮಕ್ಕಳಿಗೆ ಗಮನ ಇಡೋದು, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸೋದು ಉಳಿದವರಿಗಿಂತ ಚೆನ್ನಾಗಿ ಬಂತು. ಅತ್ತೆಗೆ ಇದನ್ನು ಓದಿ ಹೇಳಿದೆ, ಒಪ್ಪಲಿಲ್ಲ. ಅವರನ್ನು ಒಪ್ಪಿಸಿದ್ದು ನಿದ್ದೆ. ಮುಂಚೆ ಹತ್ತೂವರೆಯಾದರೂ ಹೊರಳಾಡ್ತಿದ್ದ ಹುಡುಗಿ ಈಗ ಊಟ ಮಾಡಿ ಒಂಬತ್ತಕ್ಕೆಲ್ಲ ಮಲಗ್ತಾಳೆ, ಬೆಳಿಗ್ಗೆ ಎಬ್ಬಿಸೋಕೆ ಯುದ್ಧ ಇಲ್ಲ. ಹೋಂವರ್ಕ್ ಶಾಲೆಯಿಂದ ಬಂದು ತಿಂಡಿ ತಿಂದ ಕೂಡಲೇ ಮುಗಿಸ್ತಾಳೆ, ಐದರ ಕ್ಲಾಸಿಗೆ ಹೊರಡಬೇಕಲ್ಲ. ಈಗ ಮಳೆ ಬಂದು ಕ್ಲಾಸ್ ಇಲ್ಲ ಅಂದರೆ ಅತ್ತೆಯೇ, "ಅಯ್ಯೋ, ಮಗು ಎಲ್ಲಾದರೂ ಓಡಬೇಕಲ್ಲ" ಅಂತಾರೆ.

ಬಯಲಲ್ಲಿ ಆಡೋದರಿಂದ ಕಣ್ಣಿಗೂ ಒಳ್ಳೆಯದು. ದಿನಾ ಹೊರಗಿನ ಬೆಳಕಿನಲ್ಲಿ ಹೊತ್ತು ಕಳೆಯುವ ಮಕ್ಕಳಿಗೆ ದೂರದ್ದು ಮಂಜಾಗುವ ದೃಷ್ಟಿದೋಷ ಶುರುವಾಗೋದು ಕಡಿಮೆ. ತೈವಾನಿನಲ್ಲಿ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡಿ ಅಂತ ಸರ್ಕಾರವೇ ಕಾರ್ಯಕ್ರಮ ನಡೆಸ್ತಿದೆ. ಮೂರನೇ ಕ್ಲಾಸಿಗೇ ಕನ್ನಡಕ ಬರುವ ಈ ಕಾಲದಲ್ಲಿ ಒಳಾಂಗಣದ ಕ್ಲಾಸಿಗಿಂತ ಇದು ವಾಸಿ.

ಅಳತೆ, ಪರೀಕ್ಷೆ ಏನೂ ಇಲ್ಲವಾ ಅಂದರೆ ಇದೆ. ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲಿ ದೊಡ್ಡ ಮಕ್ಕಳಿಗೆ ಇರುವ 50 ಮೀಟರ್ ಮತ್ತು 600 ಮೀಟರ್ ಓಟ, ಕೂತು ಮುಂದಕ್ಕೆ ಬಾಗಿ ಕಾಲ್ಬೆರಳ ಕಡೆ ಕೈ ಚಾಚೋದು ಇವನ್ನು ಸರ್ ಮೂರು ತಿಂಗಳಿಗೊಮ್ಮೆ ಮಾಡಿಸ್ತಾರೆ. ಫಸ್ಟ್, ಸೆಕೆಂಡ್ ಹೇಳೋದಿಲ್ಲ. ಪ್ರತಿ ಮಗುವಿಗೂ ಒಂದು ಚೀಟಿ, ಅದರಲ್ಲಿ ಹೋದ ಸಲದ ಟೈಂ, ಈ ಸಲದ ಟೈಂ, ಅಷ್ಟೇ. ಕೆಲವು ತಂದೆತಾಯಿಗಳಿಗೆ ಇದು ಸಮಾಧಾನ ಇಲ್ಲ, ರ್‍ಯಾಂಕ್ ಹೇಳಿ ಸರ್ ಅಂತ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಹೇಳಲ್ಲ ಅಂದರು. ನನಗೆ ಅದೇ ಸರಿ. ದಪ್ಪ ಇರುವ ಮಗು 600 ಮೀಟರಿನಲ್ಲಿ ಕೊನೆಗೆ ಬಂದರೂ ಹೋದ ಸಲಕ್ಕಿಂತ ಬೇಗ ಬಂದಿದ್ದರೆ ಅದು ನಗ್ತಾ ಮನೆಗೆ ಹೋಗುತ್ತದೆ, ಮಾರನೇ ದಿನ ಬರುತ್ತದೆ. ಕೊನೆ ಅಂತ ಕೂಗಿ ಹೇಳಿದರೆ ಬರಲ್ಲ. ನಮಗೆ ಬೇಕಾದ್ದು ಮಾರನೇ ದಿನ ಬರೋದು.

ಹಾಗಂತ ಮುಂದೆ ಹೋಗಬೇಕು ಅನ್ನೋರಿಗೆ ದಾರಿ ಇಲ್ಲ ಅಂತಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು, ಗಂಡಸರ, ಹೆಂಗಸರ ಎರಡೂ ಕಪ್ ಭಾರತಕ್ಕೇ ಬಂತು. ಗೆದ್ದ ಹೆಂಗಸರ ತಂಡದಲ್ಲಿ ನಮ್ಮ ಜಿಲ್ಲೆಯ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಬಿ. ಇದ್ದರು. ಆ ಫೋಟೋ ಪೇಪರಿನಿಂದ ಕತ್ತರಿಸಿ ಸರ್ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಹುಡುಗಿಯರಿಗೆ ತೋರಿಸ್ತಾರೆ. ನನ್ನ ಅಕ್ಕನ ಮಗ ದೊಡ್ಡವರ ಗುಂಪಿನಲ್ಲಿದ್ದಾನೆ, ತಾಲ್ಲೂಕು ಮಟ್ಟದ ಆಟಕ್ಕೆ ಅವನ ಶಾಲೆ ಟೀಮಿನಲ್ಲಿ ಸೇರಿಸಿಕೊಂಡರು. ಅವನಿಗೆ ಪೋಲ್ ಡೈವ್, ಅಂದರೆ ಕಂಬ ಹಿಡಿದುಕೊಂಡು ಮುಂದಕ್ಕೆ ಹಾರಿ ಎದುರಾಳಿಯನ್ನು ಮುಟ್ಟೋದು, ಕಲಿಸುವಾಗ ಮರಳು ಹಾಕಿಸಿ, ಮೊದಲು ಮಂಡಿಯೂರಿ, ಆಮೇಲೆ ನಿಂತು ಹೀಗೆ ಹಂತಹಂತವಾಗಿ ಕಲಿಸಿದರು. ಚಿಕ್ಕವರಿಗೆ ಡೈವ್ ಇಲ್ಲ. ಇದೂ ಒಳ್ಳೆಯದು.

ಈಗ ಅರ್ಧ ಸ್ಟಾರ್ ಯಾಕೆ ಹೋಯಿತು ಅಂದರೆ, ಟಾಯ್ಲೆಟ್ ಇಲ್ಲ. ಗಂಡುಹುಡುಗರು ಗೋಡೆ ಹಿಂದೆ ಹೋಗಿ ಬರ್ತಾರೆ, ಹುಡುಗಿಯರು ಏನು ಮಾಡಬೇಕು? ಎದುರಿನ ಮನೆಯ ಅಜ್ಜಿ ದೊಡ್ಡ ಮನಸ್ಸು ಮಾಡಿ ಬಾಗಿಲು ತೆಗೀತಾರೆ, ಅವರು ಊರಿಗೆ ಹೋದ ವಾರ ನೀರು ಕುಡಿಯದೆ ಆಡಿದ ಹುಡುಗಿಯರನ್ನು ನೋಡಿದ್ದೇನೆ. ಆರನೇ, ಏಳನೇ ಕ್ಲಾಸಿನ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಬರೋದೇ ಇಲ್ಲ, ಆಮೇಲೆ ಪೂರ್ತಿ ನಿಲ್ಲಿಸ್ತಾರೆ. ಆ ನೂರಕ್ಕೆ 85ರ ಲೆಕ್ಕಕ್ಕೆ ಕಾರಣ ಬೇರೆ ಬೇರೆ ಇರಬಹುದು, ನಮ್ಮ ಮೈದಾನದಲ್ಲಿ ಕಣ್ಣಿಗೆ ಕಾಣುವ ಕಾರಣ ಇದು. ಇದನ್ನು ಸರ್ ಒಬ್ಬರೇ ಸರಿ ಮಾಡೋಕೆ ಆಗಲ್ಲ, ಮೈದಾನ ಅವರದ್ದಲ್ಲ. ಬಡಾವಣೆಯವರು ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಓದಿದವರಲ್ಲಿ ಅಲ್ಲಿನವರು ಯಾರಾದರೂ ಇದ್ದರೆ ನೀವೂ ಸಹಿ ಹಾಕಿ, ದಯವಿಟ್ಟು. ಅಕ್ಕ ಇರೋದರಿಂದ ಹುಡುಗಿಯರು ಇಷ್ಟಾದರೂ ಉಳಿದಿದ್ದಾರೆ. ಅವಳ ಹತ್ತಿರ ಹೇಳಿಕೊಳ್ಳಬಹುದು, ಅವಳ ಚೀಲದಲ್ಲಿ ಪ್ಯಾಡ್ ಇರುತ್ತದೆ.

ಸಣ್ಣಪುಟ್ಟ ತೊಂದರೆಗಳು ಇವೆ. ಬೇಸಿಗೆಯಲ್ಲಿ ಧೂಳು, ನೀರು ಚಿಮುಕಿಸಿದರೂ ಅರ್ಧ ಗಂಟೆಗೆ ಮತ್ತೆ ಏಳುತ್ತದೆ. ಜೋರು ಮಳೆ ಬಂದರೆ ಕ್ಲಾಸ್ ಇಲ್ಲ. ಮಂಡಿ ತರಚೋದು ಮಾಮೂಲು, ತೊಳೆದು ಮುಲಾಮು ಹಚ್ಚಿ ಕಳಿಸ್ತಾರೆ, ಅದಕ್ಕೆ ಬೇಜಾರು ಮಾಡಿಕೊಳ್ಳುವವರಿಗೆ ಈ ಕ್ಲಾಸ್ ಆಗಿಬರಲ್ಲ. ಬರಿಗಾಲಲ್ಲಿ ಆಡೋದು ಸರ್‌ಗೆ ಇಷ್ಟ, ನನಗೆ ಕಲ್ಲಿನ ಭಯ, ನಾನು ಕ್ಯಾನ್ವಾಸ್ ಶೂ ಹಾಕಿಸ್ತೀನಿ, ಬೇಡ ಅನ್ನಲ್ಲ. ಡಿಸೆಂಬರಿನಲ್ಲಿ ಬೇಗ ಕತ್ತಲಾಗುತ್ತದೆ, ದೀಪ ಇಲ್ಲ, ಆಗ ಆರಕ್ಕೇ ಬಿಡ್ತಾರೆ.

ಫೀಸು ತಿಂಗಳಿಗೆ 500 ರೂಪಾಯಿ, ಒಂದೇ ಮನೆಯ ಎರಡನೇ ಮಗುವಿಗೆ ಅರ್ಧ. ಕೊಡೋಕೆ ಆಗದವರ ಹತ್ತಿರ ಕೇಳೋದಿಲ್ಲ, ಯಾರು ಕೊಟ್ಟರು ಯಾರು ಬಿಟ್ಟರು ಅನ್ನೋದು ಮಕ್ಕಳಿಗೆ ಗೊತ್ತಾಗೋ ಹಾಗೆ ಮಾಡೋದೂ ಇಲ್ಲ. ಜರ್ಸಿ, ಕಿಟ್ ಅಂತ ಏನೂ ಕೊಳ್ಳಬೇಕಾಗಿಲ್ಲ. ಎಂಟು ವರ್ಷ ತುಂಬಿರಬೇಕು. ಮೊದಲ ವಾರ ದುಡ್ಡು ತೊಗೊಳ್ಳಲ್ಲ, ಮಗು ತಾನೇ ಬರ್ತೀನಿ ಅಂದರೆ ಮಾತ್ರ ಸೇರಿಸಿ ಅಂತಾರೆ. ನೀರಿನ ಬಾಟಲ್, ಒಂದು ಟವೆಲ್, ಹುಡುಗಿಯರಿಗೆ ಫ್ರಾಕ್ ಬದಲು ಟ್ರ್ಯಾಕ್ ಪ್ಯಾಂಟ್ ಕಳಿಸಿ. ಐದಕ್ಕೆ ಐದು ನಿಮಿಷ ಇದ್ದ ಹಾಗೆ ಹೋಗಿ, ಸರ್ ಸುಣ್ಣದ ಗೆರೆ ಎಳೀತಿರ್ತಾರೆ, ಆಗಲೇ ಮಾತಾಡಿಸಬೇಕು. ಆಟ ಶುರುವಾದ ಮೇಲೆ ಯಾರ ಹತ್ತಿರಾನೂ ಮಾತಾಡಲ್ಲ.